ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ ಮಹಿಳೆಯರು ವ್ಯಾಯಾಮ ತರಬೇತುದಾರರಾಗುವ ಬಗ್ಗೆ: ಅರ್ಜಿದಾರರಿಗೆ ಮಾಹಿತಿ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಚೇತರಿಸಿಕೊಂಡಿರುವ ಹಾಗೂ ಅದೇ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಇತರ ಮಹಿಳೆಯರಿಗೆ ವ್ಯಾಯಾಮ ಕಲಿಸಲು ಇಚ್ಛಿಸುವ ಮಹಿಳೆಯರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಚಾಮರಾಜನಗರ ತಾಲ್ಲೂಕಿನ ಪುಣಜನೂರು ಮತ್ತು ಅದರ ಸುತ್ತಲಿನ ಗ್ರಾಮಗಳು, ಪೋಡುಗಳು ಹಾಗೂ ಗುಂಡ್ಲುಪೇಟೆ ಭಾಗದ ನಿವಾಸಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ಇತರ ಜಿಲ್ಲೆಗಳ ಅರ್ಜಿದಾರರಿಗೂ ಇದರ ಬಹುಭಾಗ ಅನ್ವಯಿಸುತ್ತದೆ. ಇಲ್ಲಿ ವಿವರಿಸಿರುವ ಯಾವುದೇ ತರಬೇತಿಯು ಸರ್ಕಾರಿ ಹುದ್ದೆಯ ಭರವಸೆಯಲ್ಲ ಎಂಬುದನ್ನು ಅರ್ಜಿದಾರರು ಆರಂಭದಲ್ಲಿಯೇ ಗಮನಿಸತಕ್ಕದ್ದು.

ಈ ತರಬೇತಿಯ ಅಗತ್ಯವೇನು?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಪತ್ತೆಯಾದವು; ಸುಮಾರು 98 ಸಾವಿರ ಮಹಿಳೆಯರು ಮರಣ ಹೊಂದಿದರು. ಹೊಸ ಪ್ರಕರಣಗಳ ಸಂಖ್ಯೆಯನ್ನು ನೋಡಿ ಭಯಪಡುವವರು ಅದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಚಿಕಿತ್ಸೆಯ ನಂತರ ವರ್ಷಗಟ್ಟಲೆ ಬದುಕುವ, ಮನೆಗೆಲಸ ಮತ್ತು ಹೊಲದ ಕೆಲಸಕ್ಕೆ ಮರಳಬೇಕಾದ ಮಹಿಳೆಯರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಹಾಗೂ ವಿಕಿರಣ ಚಿಕಿತ್ಸೆಗೆ ವ್ಯವಸ್ಥೆಯಿದೆ. ಆದರೆ ಮನೆಗೆ ಮರಳಿದ ಮಹಿಳೆಯು ತನ್ನ ಕೈಯನ್ನು ಎಷ್ಟು ಎತ್ತಬಹುದು, ಯಾವಾಗ ಎತ್ತಬೇಕು, ನೀರಿನ ಕೊಡವನ್ನು ಯಾವ ತಿಂಗಳಿನಿಂದ ಹೊರಬಹುದು ಎಂಬುದನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡುವವರು ಕಡಿಮೆ.

ಪುಣಜನೂರು ಗ್ರಾಮವು ಚಾಮರಾಜನಗರದಿಂದ ಸತ್ಯಮಂಗಲಂ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿ, ತಮಿಳುನಾಡು ಗಡಿಯ ಸಮೀಪದಲ್ಲಿದೆ. ಒಂದು ಬದಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಅರಣ್ಯ, ನಡುವೆ ಸೋಲಿಗರ ಪೋಡುಗಳು. ಶಸ್ತ್ರಚಿಕಿತ್ಸೆಯಾದ ಮಹಿಳೆಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬರುವಂತೆ ಜಿಲ್ಲಾ ಕೇಂದ್ರದಲ್ಲಿ ಸೂಚಿಸಿದರೆ ಆಕೆ ಮೂರು ದಿನದ ಕೂಲಿಯನ್ನು ಬಿಡಬೇಕಾಗುತ್ತದೆ. ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಕಾಡಂಚಿನ ಊರಿಗೆ ನಡೆದು ಹೋಗಲು ಆಗುವುದಿಲ್ಲ. ಆದ್ದರಿಂದ ಎರಡು ಬಾರಿ ಬಂದವರು ಮೂರನೆಯ ಬಾರಿ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ರೋಗಿಯ ಅಲಕ್ಷ್ಯವೆಂದು ದಾಖಲಿಸುವುದು ಸುಲಭ, ಆದರೆ ಸರಿಯಲ್ಲ.

ಇದರ ಪರಿಣಾಮ ಕೇವಲ ಭುಜದ ನೋವಿನಲ್ಲಿ ಮುಗಿಯುವುದಿಲ್ಲ. ಸ್ತನ ಹಾಗೂ ಕಂಕುಳಿನ ಶಸ್ತ್ರಚಿಕಿತ್ಸೆಯಾದ ಅನೇಕ ಮಹಿಳೆಯರಿಗೆ ನಂತರ ವಿಕಿರಣ ಚಿಕಿತ್ಸೆ ನೀಡಬೇಕಾಗುತ್ತದೆ. ವಿಕಿರಣದ ಮೇಜಿನ ಮೇಲೆ ಮಲಗಿದಾಗ ಆ ಬದಿಯ ತೋಳನ್ನು ತಲೆಯ ಮೇಲಕ್ಕೆ ಚಾಚಿ, ಅಲುಗಾಡದಂತೆ ಇರಿಸಬೇಕು. ಭುಜ ಬಿಗಿದುಕೊಂಡು ತೋಳು ಮೇಲೇಳದಿದ್ದರೆ ಚಿಕಿತ್ಸೆಯ ಸಿದ್ಧತೆಯೇ ತಡವಾಗುತ್ತದೆ. ಅಂದರೆ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ವಾರಗಳಲ್ಲಿ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈಯನ್ನು ಮೇಲೇರಿಸುವ ಸಾಮಾನ್ಯ ವ್ಯಾಯಾಮವು ಮುಂದಿನ ಚಿಕಿತ್ಸೆಯ ಒಂದು ಭಾಗವೇ ಆಗಿರುತ್ತದೆ. ಇದನ್ನು ಊರಿನಲ್ಲಿಯೇ, ಪರಿಚಿತರೊಬ್ಬರು, ತಾವೂ ಅನುಭವಿಸಿದವರು ಹೇಳಿಕೊಟ್ಟರೆ ಬಹಳಷ್ಟು ಹಾನಿಯನ್ನು ತಡೆಯಬಹುದು.

ಅನುಭವಿಗಳೇ ಕಲಿಸುವ ಪದ್ಧತಿ ಹೊಸದಲ್ಲ

1952ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಟೆರೀಸ್ ಲಾಸರ್ ಎಂಬ ಗೃಹಿಣಿಗೆ ಸ್ತನವನ್ನು ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಕೈಯನ್ನು ಹೇಗೆ ಬಳಸಬೇಕೆಂಬ ಬಗ್ಗೆ ಬೇಕಾದಷ್ಟು ಮಾಹಿತಿ ದೊರೆಯದೆ ಹೋದಾಗ, ಅವರು ತಾವೇ ಕಲಿತದ್ದನ್ನು ಇತರ ರೋಗಿಗಳಿಗೆ ಹಾಸಿಗೆಯ ಬಳಿ ಹೋಗಿ ತಿಳಿಸಲಾರಂಭಿಸಿದರು. ಅವರು ಕೊಡುತ್ತಿದ್ದ ಚೀಲದಲ್ಲಿ ಹಿಸುಕಲು ಒಂದು ರಬ್ಬರ್ ಚೆಂಡು, ಕೈ ಎಳೆದು ಮೇಲೇರಿಸಲು ಒಂದು ಹಗ್ಗ ಹಾಗೂ ತಾತ್ಕಾಲಿಕ ಕೃತಕ ಸ್ತನ ಇರುತ್ತಿದ್ದವು. ಆರಂಭದಲ್ಲಿ ಎಲ್ಲ ವೈದ್ಯರೂ ಇದನ್ನು ಒಪ್ಪಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ‘ರೀಚ್ ಟು ರಿಕವರಿ’ ಎಂಬ ಈ ಕಾರ್ಯಕ್ರಮವನ್ನು ತನ್ನದಾಗಿಸಿಕೊಂಡಿತು. ಚೆಂಡು ಮತ್ತು ಹಗ್ಗ ಇಂದಿಗೂ ಉಪಯುಕ್ತ ಸಾಧನಗಳೇ; ಇವೆರಡೂ ಪುಣಜನೂರಿನ ಅಂಗಡಿಯಲ್ಲಿಯೇ ಸಿಗುತ್ತವೆ ಎಂಬುದು ಗಮನಾರ್ಹ.

‘ಆ ಕೈಯಲ್ಲಿ ಭಾರ ಎತ್ತಬೇಡಿ’ ಎಂಬ ಸಲಹೆಯ ಬಗ್ಗೆ

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ವಿಕಿರಣ ನೀಡಿದಾಗ ಕೆಲವರಿಗೆ ತೋಳಿನಲ್ಲಿ ದುಗ್ಧರಸ ನಿಂತು ಬಾವು ಬರುತ್ತದೆ. ಇದನ್ನು ಲಿಂಫೆಡೀಮಾ ಎಂದು ಕರೆಯುತ್ತಾರೆ. ಈ ಬಾವಿನ ಭಯದಿಂದ ದಶಕಗಳ ಕಾಲ ರೋಗಿಗಳಿಗೆ ಒಂದೇ ಮಾತು ಹೇಳಲಾಗುತ್ತಿತ್ತು: ಆ ಕೈಯಲ್ಲಿ ಏನನ್ನೂ ಎತ್ತಬೇಡಿ. ಊರುಗಳಲ್ಲಿ ಇಂದಿಗೂ ಈ ಮಾತೇ ಪ್ರಚಲಿತವಾಗಿದೆ. ಕೊಡ ಹೊರುವ, ಸೌದೆ ತರುವ, ಅರಿಶಿನ ಕೀಳುವ, ಚೆಂಡುಹೂವಿನ ಬುಟ್ಟಿ ಎತ್ತುವ ಮಹಿಳೆಗೆ ಇದು ಪಾಲಿಸಲಾಗದ ಸಲಹೆ. ಪಾಲಿಸಿದರೆ ಮನೆ ನಡೆಯುವುದಿಲ್ಲ. ಪಾಲಿಸದಿದ್ದರೆ ಪ್ರತಿದಿನ ತಪ್ಪು ಮಾಡುತ್ತಿರುವೆನೆಂಬ ಅಳುಕು. ಹಲವರು ಮಧ್ಯದ ದಾರಿ ಹಿಡಿದು ಎಲ್ಲ ಭಾರವನ್ನೂ ಇನ್ನೊಂದು ಕೈಗೆ ಹಾಕುತ್ತಾರೆ. ಕೆಲವೇ ವರ್ಷಗಳಲ್ಲಿ ಆ ಭುಜವೂ ನೋಯತೊಡಗುತ್ತದೆ.

ಈ ನಂಬಿಕೆಯನ್ನು ಮೊದಲು ಪ್ರಶ್ನಿಸಿದ್ದು 1996ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಕ್ರೀಡಾ ವೈದ್ಯ ಡಾನ್ ಮೆಕೆಂಜಿ ಅವರು ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ 24 ಮಹಿಳೆಯರಿಗೆ ತರಬೇತಿ ನೀಡಿ, ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಹುಟ್ಟು ಹಾಕುವುದು ತೋಳು, ಭುಜಗಳಿಗೆ ಕಠಿಣವಾದ, ಮತ್ತೆ ಮತ್ತೆ ಮಾಡುವ ಕೆಲಸ. ಋತುವಿನ ಕೊನೆಗೆ ಅವರಲ್ಲಿ ಯಾರಿಗೂ ಹೊಸದಾಗಿ ಬಾವು ಬಂದಿರಲಿಲ್ಲ. ಇದು ಸಣ್ಣ ಗುಂಪು. ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಆದರೆ ನಂತರ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಕ್ರಮಬದ್ಧ ಅಧ್ಯಯನ ನಡೆಸಿದರು. ಈಗಾಗಲೇ ತೋಳಿನಲ್ಲಿ ಬಾವಿದ್ದ 141 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಒಂದು ವರ್ಷ ವಾರಕ್ಕೆ ಎರಡು ಬಾರಿ ಭಾರ ಎತ್ತುವ ವ್ಯಾಯಾಮ ನೀಡಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಾವು ಹೆಚ್ಚಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು: ಶೇ. 11 ಮತ್ತು ಶೇ. 12. ಬಾವು ಉಲ್ಬಣಿಸಿದ ಪ್ರಕರಣಗಳು ವ್ಯಾಯಾಮ ಮಾಡಿದವರಲ್ಲಿ ಶೇ. 14, ಮಾಡದವರಲ್ಲಿ ಶೇ. 29. ಮರುವರ್ಷ ಅದೇ ತಂಡವು ಬಾವು ಇಲ್ಲದ, ಆದರೆ ಬರುವ ಸಾಧ್ಯತೆಯಿದ್ದ 154 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿತು. ಅಲ್ಲಿಯೂ ಭಾರ ಎತ್ತಿದವರಿಗೆ ಹಾನಿ ಕಂಡುಬರಲಿಲ್ಲ.

ಆದರೆ ಈ ಫಲಿತಾಂಶವನ್ನು ‘ಇನ್ನು ಏನನ್ನು ಬೇಕಾದರೂ ಎತ್ತಬಹುದು’ ಎಂದು ಅರ್ಥೈಸಬಾರದು. ಸದರಿ ಮಹಿಳೆಯರು ಅತ್ಯಂತ ಕಡಿಮೆ ಭಾರದಿಂದ ಆರಂಭಿಸಿದ್ದರು. ಮೊದಲ 13 ವಾರ ತರಬೇತುದಾರರ ಕಣ್ಣೆದುರಿನಲ್ಲಿಯೇ ಅಭ್ಯಾಸ ಮಾಡಿದ್ದರು. ಬಾವಿದ್ದವರು ತೋಳಿಗೆ ಅಳತೆಗೆ ಸರಿಯಾದ ಒತ್ತುಪಟ್ಟಿಯ ತೋಳುಚೀಲ ಧರಿಸುತ್ತಿದ್ದರು. ಭಾರವನ್ನು ಸ್ವಲ್ಪ ಸ್ವಲ್ಪವಾಗಿ, ತೋಳನ್ನು ಗಮನಿಸುತ್ತ ಹೆಚ್ಚಿಸಲಾಗಿತ್ತು. ಮೂರು ತಿಂಗಳು ಏನನ್ನೂ ಎತ್ತದೆ ಇದ್ದು, ಒಂದು ದಿನ ಮದುವೆ ಮನೆಯ ಹಂಡೆಯನ್ನು ಎತ್ತುವುದು ಅಪಾಯಕಾರಿಯೇ. ತೋಳಿಗೆ ಹಾನಿಯಾಗುವುದು ಭಾರದಿಂದಲ್ಲ, ಸಿದ್ಧತೆಯಿಲ್ಲದ ಭಾರದಿಂದ. ಒಬ್ಬ ಮಹಿಳೆಯನ್ನು ಅರ್ಧ ಲೀಟರ್ ನೀರಿನ ಬಾಟಲಿಯಿಂದ ಆರಂಭಿಸಿ ತಿಂಗಳುಗಳ ಅವಧಿಯಲ್ಲಿ ತುಂಬಿದ ಕೊಡದವರೆಗೆ ಕರೆತರುವುದೇ ತರಬೇತುದಾರರ ನಿಜವಾದ ಕೆಲಸ.

ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜಿನ ನೇತೃತ್ವದಲ್ಲಿ ತಜ್ಞರು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ವಾರಕ್ಕೆ ಮೂರು ಬಾರಿ ಕನಿಷ್ಠ 30 ನಿಮಿಷಗಳ ಸಾಧಾರಣ ವೇಗದ ನಡಿಗೆಯಂತಹ ವ್ಯಾಯಾಮ ಹಾಗೂ ವಾರಕ್ಕೆ ಎರಡು ಬಾರಿ ಸ್ನಾಯುಬಲದ ವ್ಯಾಯಾಮವನ್ನು ಸೂಚಿಸುತ್ತದೆ. ಆಯಾಸ, ಆತಂಕ ಹಾಗೂ ಖಿನ್ನತೆ ಇದರಿಂದ ಕಡಿಮೆಯಾಗುತ್ತವೆ. ನಮ್ಮ ರಾಜ್ಯದಲ್ಲಿಯೂ ಈ ದಿಶೆಯಲ್ಲಿ ಕೆಲಸ ನಡೆದಿದೆ. ಬೆಂಗಳೂರು ಸಮೀಪದ ಜಿಗಣಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಹಿಳೆಯರ ಮೇಲೆ ಯೋಗಾಭ್ಯಾಸದ ಪರಿಣಾಮವನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಅಧ್ಯಯನ ಮಾಡಿ, 2000ದ ದಶಕದಿಂದ ಲೇಖನಗಳನ್ನು ಪ್ರಕಟಿಸಿದ್ದಾರೆ.

ಅರ್ಜಿ ಸಲ್ಲಿಸುವ ಮೊದಲು

ತರಬೇತುದಾರರಾಗಬಯಸುವವರು ಮೊದಲು ತಮ್ಮ ಆರೋಗ್ಯವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಹಾಗೂ ವಿಕಿರಣ ಚಿಕಿತ್ಸೆ ಪೂರ್ಣಗೊಂಡಿರುವುದು ಸೂಕ್ತ. ಹಾರ್ಮೋನ್ ಮಾತ್ರೆಗಳನ್ನು 5ರಿಂದ 10 ವರ್ಷ ಸೇವಿಸಬೇಕಾಗಿರುವುದರಿಂದ ಅವು ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ. ಚಿಕಿತ್ಸೆ ನೀಡಿದ ವೈದ್ಯರಿಂದ ‘ಇವರು ದೈಹಿಕ ಶ್ರಮದ ತರಬೇತಿಗೆ ಅರ್ಹರು’ ಎಂಬ ಒಂದು ಪತ್ರವನ್ನು ಪಡೆಯಬೇಕು. ಕೆಲವು ಔಷಧಗಳು ಹೃದಯದ ಮೇಲೆ ಪರಿಣಾಮ ಬೀರುವುದರಿಂದ, ಅಂತಹ ಔಷಧ ಪಡೆದವರು ಆ ಬಗ್ಗೆ ವೈದ್ಯರನ್ನು ನಿರ್ದಿಷ್ಟವಾಗಿ ಕೇಳತಕ್ಕದ್ದು. ತರಬೇತಿ ಸಂಸ್ಥೆಗೆ ಈ ಪತ್ರವಷ್ಟೇ ಸಾಕು. ಬಿಡುಗಡೆ ಸಾರಾಂಶ, ಪರೀಕ್ಷಾ ವರದಿಗಳು ಅರ್ಜಿದಾರರ ಖಾಸಗಿ ದಾಖಲೆಗಳು. ಕೇಳಿದವರಿಗೆಲ್ಲ ಅವುಗಳ ಪ್ರತಿ ನೀಡಬೇಕಾಗಿಲ್ಲ.

ತಪಾಸಣೆ ಅಥವಾ ಚಿಕಿತ್ಸೆಯೇ ಇನ್ನೂ ಬಾಕಿಯಿರುವವರಿಗೆ ಸಂಕ್ಷಿಪ್ತವಾಗಿ: 30 ವರ್ಷ ಮೇಲ್ಪಟ್ಟ ಮಹಿಳೆಯರ ಸ್ತನ ತಪಾಸಣೆಯು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಆಯುಷ್ಮಾನ್ ಆರೋಗ್ಯ ಮಂದಿರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಭ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರೇ ನಂತರ ಹೆಚ್ಚು ತೊಂದರೆಗೊಳಗಾಗುತ್ತಾರೆ. ಚಿಕಿತ್ಸೆ ಹಾಗೂ ಮರುತಪಾಸಣೆಗೆ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗಳಿಗೆ ನಿಗದಿತ ನಮೂನೆಯ ವೈದ್ಯಕೀಯ ಪ್ರಮಾಣಪತ್ರದ ಆಧಾರದಲ್ಲಿ ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ. ರಾಜ್ಯದೊಳಗೆ ಸಂಚರಿಸುವ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಉಚಿತ ಪ್ರಯಾಣವಿದೆ. ಪುಣಜನೂರಿನ ಮೂಲಕ ಹೋಗುವ ಅಂತರರಾಜ್ಯ ಬಸ್ಸುಗಳನ್ನು ಹತ್ತುವ ಮೊದಲು ನಿರ್ವಾಹಕರನ್ನು ವಿಚಾರಿಸುವುದು ಒಳಿತು.

ಪ್ರಮಾಣಪತ್ರ ಪಡೆಯುವ ಮಾರ್ಗಗಳು

ಮುಖ್ಯವಾಗಿ ಎರಡು ಮಾರ್ಗಗಳಿವೆ. ಗ್ರಾಮೀಣ ಅರ್ಜಿದಾರರಿಗೆ ಯೋಗದ ಮಾರ್ಗವೇ ಹೆಚ್ಚು ಅನುಕೂಲಕರ ಎಂಬುದು ನಮ್ಮ ಅಭಿಪ್ರಾಯ. ಕೇಂದ್ರ ಆಯುಷ್ ಸಚಿವಾಲಯವು 2018ರಲ್ಲಿ ಸ್ಥಾಪಿಸಿದ ಯೋಗ ಪ್ರಮಾಣೀಕರಣ ಮಂಡಳಿಯು ವಿವಿಧ ಹಂತಗಳ ಪರೀಕ್ಷೆಗಳನ್ನು ನಡೆಸುತ್ತದೆ. ಮೊದಲ ಹಂತವಾದ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್‌ಗೆ ಸುಮಾರು 200 ಗಂಟೆಗಳ ಹಾಗೂ ಎರಡನೆಯ ಹಂತವಾದ ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್‌ಗೆ ಸುಮಾರು 400 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಲಾಗಿದೆ. ಮೊದಲ ಹಂತದ ತರಗತಿಗೆ ಸೇರಲು ಸಾಮಾನ್ಯವಾಗಿ ಎಸ್.ಎಸ್.ಎಲ್.ಸಿ. ತೇರ್ಗಡೆಯನ್ನು ಸಂಸ್ಥೆಗಳು ಅಪೇಕ್ಷಿಸುತ್ತವೆ. ಸಂಸ್ಥೆಯ ಮೂಲಕವಲ್ಲದೆ ನೇರವಾಗಿಯೂ ಪರೀಕ್ಷೆಗೆ ಹಾಜರಾಗಲು ಅವಕಾಶವಿದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ಈ ಅಂಶವನ್ನು ಗಮನಿಸಬೇಕು. ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಪಠ್ಯಕ್ರಮ ಹಾಗೂ ಶುಲ್ಕವನ್ನು ಮಂಡಳಿಯ ಅಂತರ್ಜಾಲ ತಾಣದಲ್ಲಿಯೇ ನೋಡಿಕೊಳ್ಳತಕ್ಕದ್ದು.

ಎರಡನೆಯದು ಫಿಟ್‌ನೆಸ್ ಟ್ರೈನರ್ ಮಾರ್ಗ. ಕ್ರೀಡೆ, ದೈಹಿಕ ಶಿಕ್ಷಣ ಹಾಗೂ ಫಿಟ್‌ನೆಸ್ ಕ್ಷೇತ್ರದ ಕೌಶಲ್ಯ ಮಂಡಳಿಯು ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನಡಿ ಇದಕ್ಕೆ ಪಠ್ಯವನ್ನು ರೂಪಿಸಿದೆ. ತರಬೇತಿ ಕೇಂದ್ರಗಳು ಬಹುಪಾಲು ನಗರಗಳಲ್ಲಿವೆ. ಮೈಸೂರಿನಲ್ಲಿ ಕೆಲವು ತಿಂಗಳು ಉಳಿಯಲು ಅನುಕೂಲವಿರುವವರು ಮಾತ್ರ ಇದನ್ನು ಪರಿಶೀಲಿಸಬಹುದು. ಜಿಲ್ಲೆಯಲ್ಲಿ ಲಭ್ಯವಿರುವ ತರಬೇತಿಗಳ ವಿವರವನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು.

ಇವೆರಡೂ ಮೂಲತಃ ಆರೋಗ್ಯವಂತರಿಗೆ ಕಲಿಸಲು ನೀಡುವ ಪ್ರಮಾಣಪತ್ರಗಳು. ಅಮೆರಿಕದಲ್ಲಿ ಕ್ರೀಡಾ ವೈದ್ಯಕೀಯ ಕಾಲೇಜು ಹಾಗೂ ಕ್ಯಾನ್ಸರ್ ಸೊಸೈಟಿ ಸೇರಿ ಕ್ಯಾನ್ಸರ್ ರೋಗಿಗಳ ವ್ಯಾಯಾಮ ತರಬೇತುದಾರರಿಗೆಂದೇ ಪ್ರತ್ಯೇಕ ಪ್ರಮಾಣಪತ್ರವನ್ನು ರೂಪಿಸಿದ್ದವು. ನಮ್ಮ ಅರ್ಜಿದಾರರು ಸಾಮಾನ್ಯ ಪ್ರಮಾಣಪತ್ರದ ಜೊತೆಗೆ ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ತಿಳಿವಳಿಕೆಯನ್ನು ಫಿಸಿಯೋಥೆರಪಿಸ್ಟರ ಬಳಿ ನಿಂತು ಕಲಿಯಬೇಕು. ಇದಕ್ಕೆ ಜಿಲ್ಲಾ ಕೇಂದ್ರದಲ್ಲಿರುವ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಅಥವಾ ತಾವು ಚಿಕಿತ್ಸೆ ಪಡೆದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಲಿಖಿತವಾಗಿ ಮನವಿ ಸಲ್ಲಿಸಿ ಕೇಳಬಹುದು. ಪ್ರತಿ ಮರುತಪಾಸಣೆಗೆ ಹೋದಾಗ ಅರ್ಧ ದಿನ ಫಿಸಿಯೋಥೆರಪಿ ವಿಭಾಗದಲ್ಲಿ ಕುಳಿತು ನೋಡಲು ಅನುಮತಿ ಕೇಳುವುದು ಇನ್ನೂ ಸುಲಭದ ದಾರಿ.

ತರಬೇತುದಾರರು ತಮ್ಮನ್ನು ಫಿಸಿಯೋಥೆರಪಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಫಿಸಿಯೋಥೆರಪಿಯು ಸಂಬಂಧಿತ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಅಧಿನಿಯಮ, 2021ರ ವ್ಯಾಪ್ತಿಗೆ ಬರುವ ವೃತ್ತಿಯಾಗಿದೆ.

ಕಲಿಸುವಾಗ ಗಮನಿಸಬೇಕಾದದ್ದು

ಶಸ್ತ್ರಚಿಕಿತ್ಸೆಯ ನಂತರ ರಕ್ತ ಮತ್ತು ನೀರು ಹೊರಬರಲು ಇರಿಸಿದ ಕೊಳವೆ ಇರುವಷ್ಟು ದಿನ ಬೆರಳು ಮಡಚುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಚಿ ಚಾಚುವುದು, ಆಳವಾಗಿ ಉಸಿರಾಡುವುದು ಇಷ್ಟೇ ಸಾಕು. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಏರಿಸುವುದನ್ನು ಸಾಮಾನ್ಯವಾಗಿ ಕೊಳವೆ ತೆಗೆದ ನಂತರ, ಶಸ್ತ್ರಚಿಕಿತ್ಸಕರು ಹೇಳಿದ ದಿನದಿಂದ ಆರಂಭಿಸಲಾಗುತ್ತದೆ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸುವುದು. ಪ್ರತಿದಿನ ತಲುಪಿದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದರೆ ಆಕೆಗೂ ಮನೆಯವರಿಗೂ ಪ್ರಗತಿ ಕಣ್ಣಿಗೆ ಕಾಣುತ್ತದೆ. ಕೆಲವರಿಗೆ ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ದಾರ ಬಿಗಿದಂತೆ ಎಳೆತ ಕಾಣಿಸಿಕೊಳ್ಳುತ್ತದೆ. ಇದು ತಿಳಿದಿರುವ ತೊಂದರೆಯೇ. ಹೆದರಿ ಕೈಯನ್ನು ಎದೆಗೆ ಒತ್ತಿಟ್ಟುಕೊಳ್ಳುವ ಬದಲು ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು.

ಯೋಗ ಕಲಿತವರು ತಾವು ಕಲಿತ ಎಲ್ಲವನ್ನೂ ಇಲ್ಲಿ ಬಳಸಬಾರದು. ಸೂರ್ಯನಮಸ್ಕಾರ, ಅಧೋಮುಖ ಶ್ವಾನಾಸನ ಮೊದಲಾದವುಗಳಲ್ಲಿ ದೇಹದ ಭಾರವು ಅಂಗೈಗಳ ಮೇಲೆ ಬೀಳುತ್ತದೆ. ಹೊಸದಾಗಿ ಸೇರಿದವರಿಗೆ ಅವು ಬೇಡ. ಗೋಡೆಗೆ ಅಂಗೈ ಊರಿ ನಿಂತೇ ಮಾಡುವ ರೂಪದಿಂದ ಆರಂಭಿಸಬಹುದು. ಎದೆಯ ಗಾಯ ಮಾಗುವವರೆಗೆ ಬೋರಲು ಮಲಗಿ ಮಾಡುವ ಭುಜಂಗಾಸನ, ಧನುರಾಸನಗಳೂ ಬೇಡ. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆ ಸೇವಿಸುವವರಲ್ಲಿ ಮೂಳೆ ಸವೆಯುವ ಸಾಧ್ಯತೆಯಿರುವುದರಿಂದ ಬೆನ್ನನ್ನು ತೀವ್ರವಾಗಿ ಮುಂದಕ್ಕೆ ಬಗ್ಗಿಸುವ, ತಿರುಚುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡಿಸಬಾರದು. ಕಾಯಿಲೆ ಮೂಳೆಗೆ ಹರಡಿದೆಯೆಂದು ತಿಳಿದಿರುವ ಮಹಿಳೆಯನ್ನು ಗುಂಪಿನ ತರಗತಿಗೆ ಸೇರಿಸಿಕೊಳ್ಳದೆ ಫಿಸಿಯೋಥೆರಪಿಸ್ಟರ ಬಳಿಗೆ ಕಳುಹಿಸತಕ್ಕದ್ದು. ಕಿಮೋಥೆರಪಿಯಿಂದ ಪಾದಗಳು ಜೋಮು ಹಿಡಿದಿರುವವರು ಒಂಟಿ ಕಾಲಿನ ಆಸನಗಳನ್ನು ಕಿಟಕಿಯ ಸರಳು ಹಿಡಿದೇ ಮಾಡಬೇಕು.

ತರಬೇತುದಾರರ ಬಳಿ ಇರಬೇಕಾದ ಅತಿ ಮುಖ್ಯ ಸಾಧನ ದರ್ಜಿಯ ಅಳತೆ ಟೇಪು. ಪ್ರತಿಯೊಬ್ಬರ ಎರಡೂ ತೋಳುಗಳ ಸುತ್ತಳತೆಯನ್ನು ಮಣಿಕಟ್ಟಿನಲ್ಲಿ, ಮೊಣಕೈಯಿಂದ 10 ಸೆಂ.ಮೀ. ಕೆಳಗೆ ಮತ್ತು 10 ಸೆಂ.ಮೀ. ಮೇಲೆ ಅಳೆದು, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಬೇಕು. ಎರಡು ತೋಳುಗಳ ನಡುವೆ 2 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಹೊಸ ವ್ಯತ್ಯಾಸ ಕಂಡುಬಂದರೆ ಭಾರದ ವ್ಯಾಯಾಮ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸಬೇಕು. ಟೇಪಿಗಿಂತ ಮೊದಲೇ ಬಳೆಗಳು ತಿಳಿಸುವುದುಂಟು: ಸಲೀಸಾಗಿ ಏರುತ್ತಿದ್ದ ಬಳೆ ಬಿಗಿಯಾಗತೊಡಗಿದರೆ ಅದನ್ನು ನಿರ್ಲಕ್ಷಿಸಬಾರದು. ತೋಳು ಕೆಂಪಗಾಗಿ, ಬಿಸಿಯಾಗಿ, ಜ್ವರ ಬಂದರೆ ಸೋಂಕು ತಗುಲಿದೆಯೆಂದು ಭಾವಿಸಿ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಕಾಡಿನಲ್ಲಿ ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ, ಲಾಂಟಾನ ಕಡ್ಡಿ ಕಡಿಯುವ ಮಹಿಳೆಯರ ಕೈಗೆ ಮುಳ್ಳು ತರಚುವುದು ಸಾಮಾನ್ಯ. ಸೋಂಕಿಗೆ ಅದೇ ದಾರಿ. ಕೆಲಸ ಬಿಡಿ ಎನ್ನುವುದಕ್ಕಿಂತ, ಆ ಕೈಗೆ ದಪ್ಪನೆಯ ಕೈಗವಸು ಹಾಕಿಕೊಳ್ಳಿ, ತರಚಿದರೆ ಕೂಡಲೇ ಸೋಪಿನಿಂದ ತೊಳೆಯಿರಿ ಎನ್ನುವುದು ಪಾಲಿಸಬಹುದಾದ ಮಾತು.

ಟಾಮಾಕ್ಸಿಫೆನ್ ಸೇವಿಸುವವರ ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು ಅಥವಾ ಹಠಾತ್ ಉಸಿರುಗಟ್ಟುವಿಕೆ, ರಾತ್ರಿ ಎಚ್ಚರಗೊಳಿಸುವ ಬೆನ್ನುಮೂಳೆಯ ನೋವು, ಗಾಯದ ಗುರುತಿನ ಬಳಿ ಅಥವಾ ಇನ್ನೊಂದು ಸ್ತನದಲ್ಲಿ ಹೊಸ ಗಂಟು ಇವುಗಳಲ್ಲಿ ಯಾವುದು ಕಂಡರೂ ತರಗತಿ ನಿಲ್ಲಿಸತಕ್ಕದ್ದು. ಎದೆನೋವು ಮತ್ತು ಉಸಿರಿನ ತೊಂದರೆಗೆ 108ಕ್ಕೆ ಕರೆ ಮಾಡಬೇಕು. ‘ನನಗೂ ಹಾಗೇ ಆಗಿತ್ತು, ಏನೂ ಆಗುವುದಿಲ್ಲ’ ಎಂಬ ಮಾತನ್ನು ತರಬೇತುದಾರರು ಎಂದಿಗೂ ಆಡಬಾರದು. ಸ್ವಂತ ಅನುಭವವು ಧೈರ್ಯ ಹೇಳಲು ಬೇಕು. ರೋಗ ನಿರ್ಣಯಕ್ಕೆ ಅದು ಆಧಾರವಾಗದು. ಅನುಭವಿಗಳೇ ಕಲಿಸುವುದರಲ್ಲಿರುವ ಏಕೈಕ ದೊಡ್ಡ ಅಪಾಯ ಇದೇ. ಹಾಗೆಯೇ ಔಷಧ ಬದಲಿಸಲು, ನಿಲ್ಲಿಸಲು ಅಥವಾ ನಾಟಿ ಔಷಧ ಸೇರಿಸಲು ಸಲಹೆ ನೀಡುವುದು ತರಬೇತುದಾರರ ಕೆಲಸವಲ್ಲ.

ತರಗತಿ ನಡೆಸಲು ಸ್ಥಳ ಮತ್ತು ವ್ಯವಸ್ಥೆ

ಇಂತಹ ತರಗತಿಗೆ ಯಂತ್ರಗಳ ಅಗತ್ಯವಿಲ್ಲ. ಚಾಪೆ, ಹಗ್ಗ, ಚೆಂಡು, ನೀರಿನ ಬಾಟಲಿಗಳು, ಎಳೆಯಲು ರಬ್ಬರ್ ಪಟ್ಟಿ ಇದ್ದರೆ ಸಾಕು. ವ್ಯಾಯಾಮ ಶಾಲೆ ತೆರೆಯಲು ಸಾಲಕ್ಕೆ ಅರ್ಜಿ ಸಲ್ಲಿಸಲು ಬಯಸುವವರು ಮೊದಲು ಒಂದು ವರ್ಷ ಹೀಗೆಯೇ ತರಗತಿ ನಡೆಸಿ ನೋಡುವುದು ಲೇಸು. ನಾಲ್ಕೈದು ಗ್ರಾಮಗಳಿಂದ ಆರೇಳು ಮಹಿಳೆಯರು ಸೇರುವ ತರಗತಿಯ ಆದಾಯದಿಂದ ಕಂತು ಕಟ್ಟಲಾಗದು.

ಸ್ಥಳದ ಆಯ್ಕೆಯಲ್ಲಿ ಮರೆಯೇ ಮುಖ್ಯ. ಒಂದು ಸ್ತನವಿಲ್ಲದ ಮಹಿಳೆ ಸೆರಗು ಸರಿಸಿ ತೋಳೆತ್ತಬೇಕಾದರೆ ಬಾಗಿಲು, ಕಿಟಕಿ ಮುಚ್ಚುವ ಕೋಣೆ ಬೇಕು. ಬಯಲು ರಂಗಮಂದಿರ ಆಗದು. ಸಮುದಾಯ ಭವನದ ಒಳಕೋಣೆ ಅಥವಾ ಅಂಗನವಾಡಿ ಕಟ್ಟಡವನ್ನು ಮಕ್ಕಳ ಸಮಯದ ನಂತರ ಬಳಸಲು ಗ್ರಾಮ ಪಂಚಾಯತಿಗೆ ಹಾಗೂ ಸಂಬಂಧಪಟ್ಟ ಇಲಾಖೆಗೆ ಲಿಖಿತ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಸಂಜೀವಿನಿ ಒಕ್ಕೂಟ ಅಥವಾ ಸ್ತ್ರೀಶಕ್ತಿ ಸಂಘದ ಮೂಲಕ ಅರ್ಜಿ ಸಲ್ಲಿಸಿದರೆ ಅನುಕೂಲ. ಫಲಕದ ಮೇಲೆ ‘ಕ್ಯಾನ್ಸರ್’ ಎಂದು ಬರೆಯುವ ಅಗತ್ಯವಿಲ್ಲ. ‘ಮಹಿಳೆಯರ ವ್ಯಾಯಾಮ ತರಗತಿ’ ಎಂದರೆ ಸಾಕು. ಮನೆಯಲ್ಲಿ ಮದುವೆಗೆ ಬಂದ ಮಗಳಿರುವ ತಾಯಿ ತನ್ನ ಕಾಯಿಲೆಯನ್ನು ಊರಿನಿಂದ ಮರೆಮಾಚುವುದುಂಟು. ಇದು ಸರಿಯೋ ತಪ್ಪೋ ಎಂದು ತೀರ್ಪು ನೀಡದೆ, ಹಾಜರಾತಿ ಹಾಗೂ ಅಳತೆಯ ಪುಸ್ತಕವನ್ನು ತರಬೇತುದಾರರು ಬೀಗದಲ್ಲಿಡತಕ್ಕದ್ದು.

ಪೋಡುಗಳಲ್ಲಿ ತರಗತಿ ನಡೆಸಲು ಸೋಲಿಗ ಸಮುದಾಯದ ಮಹಿಳೆಯರೇ ತರಬೇತಿ ಪಡೆಯುವುದು ಅತ್ಯುತ್ತಮ. ಭುಜ ಹಿಡಿದುಕೊಂಡಿದೆ, ಜುಮ್ಮೆನ್ನುತ್ತದೆ, ಸೆಳೆಯುತ್ತದೆ ಎಂಬಂತಹ ಸೂಕ್ಷ್ಮ ವ್ಯತ್ಯಾಸಗಳನ್ನು ಅವರವರ ನುಡಿಯಲ್ಲಿ ಕೇಳಿದಾಗ ಮಾತ್ರ ಸರಿಯಾಗಿ ತಿಳಿಯುತ್ತದೆ. ಅಲ್ಲಿ ತರಗತಿಯ ಸಮಯವನ್ನು ಜೇನು, ನೆಲ್ಲಿಕಾಯಿಯ ಋತುವಿಗೆ ತಕ್ಕಂತೆಯೂ, ಆನೆಗಳ ಓಡಾಟದ ಕಾರಣ ಹೊತ್ತು ಮುಳುಗುವ ಮೊದಲೇ ಮುಗಿಯುವಂತೆಯೂ ನಿಗದಿಪಡಿಸಬೇಕು. ಗುಂಡ್ಲುಪೇಟೆ ಭಾಗದಲ್ಲಿ ಹೂವು ಬಿಡಿಸುವ ತಿಂಗಳುಗಳಲ್ಲಿ ಬೆಳಗಿನ ತರಗತಿಗೆ ಯಾರೂ ಬರಲಾರರು.

ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಯೋಗ ಹಾಗೂ ಸ್ವಾಸ್ಥ್ಯ ಕಾರ್ಯಕ್ರಮಗಳಿಗೆ ಸ್ಥಳೀಯ ಯೋಗ ಶಿಕ್ಷಕರ ಸೇವೆಯನ್ನು ಪಡೆಯುವ ವ್ಯವಸ್ಥೆಯಿದೆ. ಪ್ರಮಾಣಪತ್ರ ಪಡೆದವರು ತಮ್ಮ ಹೆಸರನ್ನು ಸಮುದಾಯ ಆರೋಗ್ಯ ಅಧಿಕಾರಿಗಳ ಬಳಿ ನೀಡಿ, ಅವಕಾಶ ಮತ್ತು ಗೌರವಧನದ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಆಶಾ ಕಾರ್ಯಕರ್ತೆಯರಿಗೆ ತಮ್ಮ ತರಗತಿಯ ದಿನ, ಸಮಯವನ್ನು ತಿಳಿಸಿಡುವುದು ಅಗತ್ಯ. ಶಸ್ತ್ರಚಿಕಿತ್ಸೆಯಾಗಿ ಊರಿಗೆ ಮರಳಿದ ಮಹಿಳೆಯ ಮನೆಗೆ ಮೊದಲು ಹೋಗುವವರು ಅವರೇ.

ಅರ್ಜಿಯೊಂದಿಗೆ ಆಧಾರ್ ಪ್ರತಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಇದ್ದಲ್ಲಿ ಅದರ ಪ್ರತಿ, ಇತ್ತೀಚಿನ ಎರಡು ಭಾವಚಿತ್ರಗಳು ಹಾಗೂ ಮೇಲೆ ತಿಳಿಸಿದ ವೈದ್ಯರ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಮೂಲ ದಾಖಲೆಗಳನ್ನು ಯಾವುದೇ ಖಾಸಗಿ ತರಬೇತಿ ಸಂಸ್ಥೆಯಲ್ಲಿ ಬಿಟ್ಟು ಬರಬಾರದು. ಉದ್ಯೋಗ ಕೊಡಿಸುವುದಾಗಿ ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರಿಕೆ ವಹಿಸಬೇಕು. ಆರೋಗ್ಯ ಸೇವೆಗಳ ಬಗ್ಗೆ ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಯೋಜನೆಯ ಬಗ್ಗೆ 14555 ಸಂಖ್ಯೆಗೆ ಕರೆ ಮಾಡಬಹುದು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.